ಏಳು ರಕ್ಕಸರ ಪಂಚನಾಮೆ

ಠಾಣೆಯ ಫೋನು ಬಡಿದುಕೊಂಡಾಗ ಸಂಜೆ ಏಳು ದಾಟಿತ್ತು. ಆ ಕಡೆ ಮಾತಾಡುತ್ತಿದ್ದ ಹೆಂಗಸು ಮಾತಿಗೊಮ್ಮೆ ನಿಂತು ಉಸಿರೆಳೆದುಕೊಳ್ಳುತ್ತಿದ್ದರು. ಅಕ್ಕನ ಮನೆಯಿಂದ ವಾಪಸು ಬಂದು ನೋಡಿದರೆ ಗಂಡ ಮಹಡಿಯ ಕೋಣೆಯಲ್ಲಿ ಬಿದ್ದಿದ್ದಾರೆ, ತಲೆಯಿಂದ ರಕ್ತ ಹೋಗಿದೆ, ಕೂಗಿದರೆ ಓಗೊಡುತ್ತಿಲ್ಲ, ಆಂಬುಲೆನ್ಸಿಗೆ ಹೇಳಿಯಾಗಿದೆ, ಮನೆಗೆ ಯಾರೋ ಬಂದುಹೋಗಿದ್ದಾರೆ.

“ಯಾರೋ ಬಂದಿದ್ರು ಅಂತ ಹೇಗೆ ಹೇಳ್ತೀರಿ?” ಇನ್ಸ್‌ಪೆಕ್ಟರ್ ಕೇಳಿದರು.

“ಏಳು ರಕ್ಕಸರು ಕಾಣ್ತಿಲ್ಲ, ಮೇಡಂ.”

ಇನ್ಸ್‌ಪೆಕ್ಟರ್ ರಿಸೀವರನ್ನು ಕಿವಿಯಿಂದ ದೂರ ಹಿಡಿದು ಒಮ್ಮೆ ನೋಡಿದರು. ಗಾಬರಿಯಲ್ಲಿ ಜನ ಏನೇನೋ ಹೇಳುವುದುಂಟು, ಕೇಳಿ ಕೇಳಿ ಆಕೆಯ ಕಿವಿ ಪಳಗಿತ್ತು. ಆದರೂ ಈ ಮಾತನ್ನು ದೂರಿನಲ್ಲಿ ಹೇಗೆ ಬರೆದುಕೊಳ್ಳುವುದೆಂದು ಒಂದು ಗಳಿಗೆ ತೋಚಲಿಲ್ಲ. “ಏನನ್ನೂ ಮುಟ್ಟಬೇಡಿ, ಬರ್ತಿದ್ದೀವಿ,” ಎಂದಷ್ಟೇ ಹೇಳಿ ಟೋಪಿ ಎತ್ತಿಕೊಂಡರು.

ಜೊತೆಗೆ ಹೊರಟವನು ಹೆಡ್ ಕಾನ್‌ಸ್ಟೇಬಲ್. ಕುಳ್ಳಗಿದ್ದ ತಪ್ಪಿಗೆ ಇಡೀ ಠಾಣೆ ಅವನನ್ನು ಉದ್ದಣ್ಣ ಎಂದು ಕರೆಯುತ್ತಿತ್ತು. ಅವನೂ ಅದಕ್ಕೆ ಹೊಂದಿಕೊಂಡು, ಈಗ ನಿಜವಾದ ಹೆಸರು ಕೂಗಿದರೆ ತಿರುಗಿಯೂ ನೋಡುತ್ತಿರಲಿಲ್ಲ.

ಇಬ್ಬರೂ ಹೋಗಿ ಮುಟ್ಟುವ ಹೊತ್ತಿಗೆ ಆಂಬುಲೆನ್ಸ್ ಗಂಡ ಹೆಂಡತಿಯನ್ನು ಕರೆದುಕೊಂಡು ಹೊರಟಾಗಿತ್ತು. ಪಕ್ಕದ ಮನೆಯಾಕೆ ಬಾಗಿಲು ಕಾಯುತ್ತಿದ್ದರು. ಮುಂಬಾಗಿಲ ಚಿಲಕ, ಬೀಗ, ಕಿಟಕಿಯ ಸರಳು ಎಲ್ಲವೂ ನೆಟ್ಟಗಿದ್ದವು. ಉದ್ದಣ್ಣ ಮಹಡಿ ಹತ್ತಿ ಕೋಣೆಯ ಬಾಗಿಲು ತಳ್ಳಿದವನೇ ಎರಡು ಹೆಜ್ಜೆ ಹಿಂದೆ ಸರಿದ.

“ಅಯ್ಯಯ್ಯೋ! ಮೇಡಂ, ನೀವೇ ಮುಂದೆ ಹೋಗಿ.”

ಮೂರು ಗೋಡೆಗಳ ತುಂಬ ಗಾಜಿನ ಶೆಲ್ಫು, ಶೆಲ್ಫಿನ ತುಂಬ ರಾಕ್ಷಸರು. ಗೇಣುದ್ದದ ಪ್ಲಾಸ್ಟಿಕ್ ಪ್ರತಿಮೆಗಳು. ಬಾವಲಿ ರೆಕ್ಕೆ ಬಿಚ್ಚಿ ನಿಂತವನು, ಗೋರಿಯ ಕಲ್ಲು ಸರಿಸಿ ಏಳುತ್ತಿರುವವನು, ಮೂರು ಕಣ್ಣಿನ ಹಲ್ಲಿ, ಅವುಗಳ ನಡುವೆ ಕೆಂಪು ಹೊದಿಕೆ ಹಾರಿಸುತ್ತ ಎದೆಯುಬ್ಬಿಸಿದ ಸಾಹಸಿಗಳು. ಒಂದೊಂದರ ಮುಖದಲ್ಲೂ ಬಣ್ಣ ಎಂಥ ಜೀವ ತುಂಬಿತ್ತೆಂದರೆ, ಒಳಗೆ ಕಾಲಿಟ್ಟವರಿಗೆ ತುಂಬಿದ ಸಭೆಯಲ್ಲಿ ತಡವಾಗಿ ಬಂದ ಮುಜುಗರವಾಗಬೇಕು. ಕಿಟಕಿಯ ಬಳಿ ಕೆಲಸದ ಮೇಜು. ಅದರ ಅಂಚಿಗೆ ತಿರುಪು ಹಾಕಿ ಕೂರಿಸಿದ್ದ, ಸಾಮಾನು ಬಿಗಿಹಿಡಿಯುವ ಕಬ್ಬಿಣದ ವೈಸ್. ವೈಸಿನ ಮೂಲೆಯಲ್ಲಿ ರಕ್ತ, ಕೂದಲು.

ಇನ್ಸ್‌ಪೆಕ್ಟರ್ ಕೋಣೆಗೆ ಬೀಗ ಹಾಕಿಸಿ, ಠಾಣೆಯಿಂದ ಒಬ್ಬ ಕಾನ್‌ಸ್ಟೇಬಲನ್ನು ಕರೆಸಿ ಕಾವಲಿಗೆ ಕೂರಿಸಿ ಆಸ್ಪತ್ರೆಗೆ ಹೋದರು.

ದೂರುದಾರರು ಐಸಿಯು ಹೊರಗಿನ ಬೆಂಚಿನ ಮೇಲಿದ್ದರು. ಪಕ್ಕದಲ್ಲಿ ಒಬ್ಬ ಸಣಕಲು ಮನುಷ್ಯ, ಬಲಗೈಗೆ ಕರ್ಚೀಫು ಸುತ್ತಿಕೊಂಡು, ಎಡಗೈಯಲ್ಲಿ ಫ್ಲಾಸ್ಕು ಹಿಡಿದು ಕೂತಿದ್ದರು. ಆ ಕೈ ಸಣ್ಣಗೆ, ನಿಲ್ಲದಂತೆ ನಡುಗುತ್ತಿತ್ತು.

“ಇವರು ಡ್ರಾಯಿಂಗ್ ಮೇಷ್ಟ್ರು. ನಮ್ಮೆಜಮಾನ್ರ ಜೀವದ ಗೆಳೆಯರು. ಫೋನ್ ಮಾಡಿದ ತಕ್ಷಣ ಓಡಿ ಬಂದ್ರು. ಪಾಪ, ಗಾಬರೀಲಿ ಬಿಸಿ ಟೀ ಬೇರೆ ಕೈಮೇಲೆ ಚೆಲ್ಕೊಂಡಿದ್ದಾರೆ,” ಎಂದು ಆಕೆ ಪರಿಚಯಿಸಿದರು.

“ನಂದೇನೂ ಇಲ್ಲ ಬಿಡಿ ಅತ್ತಿಗೆ,” ಎಂದು ಮೇಷ್ಟ್ರು ಮುಖ ತಿರುಗಿಸಿದರು.

ಆಕೆಯ ಹೇಳಿಕೆ ಹೀಗಿತ್ತು. ಗಂಡ ಹಲ್ಲಿನ ಡಾಕ್ಟರು. ಕ್ಲಿನಿಕ್ ಮುಚ್ಚಿ ಕೆಲವು ವರ್ಷವಾಗಿತ್ತು. ಚಿಕ್ಕಂದಿನಿಂದ ಅವರಿಗೆ ಇದೊಂದೇ ಹುಚ್ಚು. ಎಷ್ಟೋ ದಶಕಗಳ ಹಿಂದೆ ಮಕ್ಕಳಿಗೆಂದು ಬಂದ ಪ್ಲಾಸ್ಟಿಕ್ ಕಿಟ್‌ಗಳನ್ನು ಹುಡುಕಿ ಹುಡುಕಿ ತರುವುದು, ಡಬ್ಬಿಯೊಳಗಿನ ಕೈ, ಕಾಲು, ತಲೆ ಎಲ್ಲವನ್ನೂ ಚೌಕಟ್ಟಿನಿಂದ ಬಿಡಿಸಿ, ಉಜ್ಜಿ, ಅಂಟಿಸಿ ನಿಲ್ಲಿಸುವುದು. ಬಾಯಿಯಲ್ಲಿ ಹುಳುಕು ಕೆರೆಯುತ್ತಿದ್ದ ಸಲಕರಣೆಗಳೇ ಇಲ್ಲೂ ಕೆಲಸಕ್ಕೆ ಬರುತ್ತಿದ್ದವು. “ಆ ರಾಕ್ಷಸರಿಗೆ ಕೊಟ್ಟ ಮರ್ಯಾದೆ ನೆಂಟರಿಗೂ ಕೊಟ್ಟವರಲ್ಲ,” ಎಂದು ನಗಲು ಹೋಗಿ ಆಕೆ ಅತ್ತುಬಿಟ್ಟರು.

“ಯಾರ ಜೊತೆಗಾದ್ರೂ ಜಗಳ?”

“ಹಳೇ ಆಟಿಕೆ ಮಾರೋ ಡಬ್ಬಿ ಸಾಹುಕಾರ್ರ ಜೊತೆ ಒಂದ್ಸಲ ಜೋರಾಗಿ ಆಗಿತ್ತು. ‘ನಿನ್ನ ಕೈ ಕತ್ತರಿಸಬೇಕು’ ಅಂದಿದ್ರು.”

ಮೇಷ್ಟ್ರು ಫ್ಲಾಸ್ಕಿನ ಮುಚ್ಚಳವನ್ನೇ ನೋಡುತ್ತ ಕೂತಿದ್ದರು. ಒಳಗಿನಿಂದ ಬಂದ ವೈದ್ಯರು, ಮಿದುಳಿನಲ್ಲಿ ಊತವಿದೆ, ಪ್ರಜ್ಞೆ ಬರುವವರೆಗೂ ಏನೂ ಹೇಳಲಾಗದು ಎಂದರು. ಅದೇ ರಾತ್ರಿ ಕೊಲೆ ಯತ್ನ ಮತ್ತು ಕಳವು ಎಂದು ಎಫ್‌ಐಆರ್ ದಾಖಲಾಯಿತು. ಆ ‘ಯತ್ನ’ ಎಂಬ ಪದ ಎಷ್ಟು ಕಾಲ ಉಳಿಯುತ್ತದೋ ಇನ್ಸ್‌ಪೆಕ್ಟರಿಗೆ ಗೊತ್ತಿರಲಿಲ್ಲ.

ಬೆಳಗ್ಗೆ ಅಕ್ಕಪಕ್ಕದ ಇಬ್ಬರನ್ನು ಪಂಚರನ್ನಾಗಿ ಕರೆದು ಸ್ಥಳ ಪಂಚನಾಮೆ ಶುರುವಾಯಿತು. ಶೆಲ್ಫಿನ ಧೂಳಿನಲ್ಲಿ ಏಳು ಪೀಠಗಳ ಗುರುತು ಖಾಲಿಯಿತ್ತು. ಎಲ್ಲವೂ ಕೆಳಗಿನ ಸಾಲಿನಲ್ಲೇ. ಮೇಲಿನ ಸಾಲಿನವರ ಮೈಮೇಲೆ ಒಂದು ಬೆರಳಿನ ಗುರುತೂ ಇರಲಿಲ್ಲ. ಬೀರುವಿನಲ್ಲಿ ಒಡೆಯದ ಹಳೇ ಕಿಟ್ಟಿನ ಡಬ್ಬಿಗಳು ಸೀಲಿನ ಸಮೇತ ಹಾಗೇ ಇದ್ದವು. ಬೀರುವಿಗೆ ಬೀಗವೂ ಇರಲಿಲ್ಲ.

ಮೇಜಿನ ಕೆಳಗೆ ಒಂದು ಅಗಲವಾದ ಪ್ಲಾಸ್ಟಿಕ್ ಟಬ್ಬು. ಅದರಲ್ಲಿ ಬಗ್ಗಡದಂಥ ನೀರು, ಮೇಲೆ ಕಂದು, ಹಸಿರು, ಕೆಂಪು ಬಣ್ಣದ ಪೊರೆಗಳು ತೇಲುತ್ತಿದ್ದವು. ಉದ್ದಣ್ಣ ಬೆರಳು ಅದ್ದಲು ಹೋದ.

“ರೀ, ಕೈ ತೆಗೀರಿ!”

ಟಬ್ಬಿನ ಪಕ್ಕದಲ್ಲಿ ಮೊಣಕೈವರೆಗೆ ಬರುವ ದಪ್ಪ ರಬ್ಬರ್ ಗ್ಲೌಸುಗಳಿದ್ದವು. ಅವುಗಳ ಹಿಂದೆ ಕಾಸ್ಟಿಕ್ ಸೋಡಾದ ಡಬ್ಬ. ಗ್ಲೌಸು ಒಳಗೂ ಹೊರಗೂ ಒಣಗಿದ್ದವು. ಆದರೆ ಟಬ್ಬಿನಿಂದ ಬಾಗಿಲವರೆಗೆ, ಅಲ್ಲಿಂದ ಮೆಟ್ಟಿಲ ಮೇಲೆ, ಕೊನೆಗೆ ಮುಂಬಾಗಿಲ ಚಿಲಕದ ಮೇಲೂ ಸುಣ್ಣದ ಹನಿಯಂತೆ ಬೆಳ್ಳಗೆ ಒಣಗಿದ ತೊಟ್ಟುಗಳ ಸಾಲು.

ಇನ್ಸ್‌ಪೆಕ್ಟರ್ ಮೇಜಿನ ಮುಂದಿನ ಕುರ್ಚಿಯಲ್ಲಿ ಕೂತು ಆ ಸಾಲನ್ನೇ ದಿಟ್ಟಿಸಿದರು.

“ಯಾರೋ ಬರಿಗೈ ಹಾಕಿದ್ದಾರೆ ಉದ್ದಣ್ಣ. ಒಳಗಿದ್ದ ಏನನ್ನೋ ಎತ್ಕೊಂಡು ಹಾಗೇ ನಡೆದುಹೋಗಿದ್ದಾರೆ.”

“ಬೆಲೆಬಾಳೋ ಸೀಲಿನ ಡಬ್ಬಿಗಳನ್ನ ಬಿಟ್ಟು, ಚಟ್ನಿಯಾಗ್ತಿರೋ ಗೊಂಬೆಗೆ ಕೈ ಹಾಕ್ತಾರಾ ಮೇಡಂ?”

“ಅದನ್ನೇ ಯೋಚಿಸ್ತಿದ್ದೀನಿ.”

ತೊಟ್ಟುಗಳನ್ನೂ ಟಬ್ಬಿನ ನೀರನ್ನೂ ಪ್ರಯೋಗಾಲಯಕ್ಕೆ ಕಳಿಸಿ, ಇಬ್ಬರೂ ಡಬ್ಬಿ ಸಾಹುಕಾರರ ಅಂಗಡಿಗೆ ಹೋದರು. ಹಳೇ ಆಟಿಕೆಗಳ ವ್ಯಾಪಾರಿ ಆತ. ಕಿಟ್ಟಿನ ಡಬ್ಬಿಗಳನ್ನು ಒಡೆಯದೆ ಜೋಡಿಸಿಡುವುದೇ ಅವರ ಧರ್ಮ, ಕರ್ಮ ಎಲ್ಲ. ಗಲ್ಲಾದ ಹಿಂದೆ ಛಾವಣಿಯವರೆಗೆ ಡಬ್ಬಿಗಳು. ಡಬ್ಬಿಗಳ ಮೇಲೆ ಬಾಯಿ ತೆರೆದ ಭೂತಗಳ ಚಿತ್ರ.

“ಕೈ ಕತ್ತರಿಸಬೇಕು ಅಂದಿದ್ರಂತೆ?”

“ಅಂದಿದ್ದೆ. ಈಗ್ಲೂ ಅಂತೀನಿ!” ಸಾಹುಕಾರರು ಎದ್ದೇ ನಿಂತರು. “ನನ್ನಿಂದ ಸೀಲಿರೋ ಕಿಟ್ ತಗೊಂಡು, ನನ್ನ ಕಣ್ಣೆದುರಿಗೇ ಪರಪರ ಅಂತ ಹರಿದ್ರು ಮೇಡಂ. ಅಂಥ ಡಬ್ಬಿ ಇನ್ನು ಹುಟ್ಟಿಬರುತ್ತಾ? ಯಾಕ್ರೀ ಅಂದ್ರೆ, ‘ರಾಕ್ಷಸ ಪೆಟ್ಟಿಗೇಲಿ ಮಲಗೋಕೆ ಹುಟ್ಟಿಲ್ಲ’ ಅಂತ ನಕ್ಕುಬಿಟ್ರು.”

“ನಿನ್ನೆ ಸಂಜೆ ಎಲ್ಲಿದ್ರಿ?”

“ಇಲ್ಲೇ. ಎದುರು ಟೈಲರ್ ಅಂಗಡಿಯವರನ್ನ ಕೇಳಿ. ಅವರ ಕಣ್ಣು ತಪ್ಪಿಸಿ ನಾನು ಒಂದು ಟೀ ಕುಡಿಯೋ ಹಾಗಿಲ್ಲ.”

ಟೈಲರ್ ಅದನ್ನು ಖಚಿತಪಡಿಸಿದ. ಇನ್ಸ್‌ಪೆಕ್ಟರ್ ಮೊಬೈಲ್ ತೆಗೆದು, ಡಾಕ್ಟರ ಹೆಂಡತಿ ಕಳಿಸಿದ್ದ ಫೋಟೋಗಳನ್ನು ತೋರಿಸಿದರು. ಹೋದ ಸಲದ ಗೊಂಬೆ ಪ್ರದರ್ಶನದಲ್ಲಿ ತೆಗೆದವು, ಕಾಣೆಯಾದ ಏಳೂ ಇದ್ದವು. ಸಾಹುಕಾರರು ಕನ್ನಡಕ ಏರಿಸಿ ನೋಡಿ ಮೂಗು ಮುರಿದರು.

“ಇವನ್ನಾ ಕದ್ದಿದ್ದು? ಕದ್ದವನಿಗೆ ತಲೆ ಕೆಟ್ಟಿರಬೇಕು. ಇವೆಲ್ಲ ಈಚೆಗೆ ಮಾಡಿದವು. ಅಂಟಿಸಿರೋದು ಚಿನ್ನದಂಥ ಕೆಲಸ, ಒಂದು ಬೆಸುಗೆ ಕಾಣಲ್ಲ. ಬಣ್ಣ ಮಾತ್ರ ಕೆಟ್ಟುಹೋಗಿದೆ. ಈ ತೋಳಮುಖದವನ ಹಲ್ಲು ನೋಡಿ, ಒಸಡಿನ ಕೆಂಪೆಲ್ಲ ಹಲ್ಲಿನ ಮೇಲೆ ಹರಿದಿದೆ. ಹಿಂದೆಲ್ಲ ಹೀಗಿರಲಿಲ್ಲ. ಒಂದೊಂದು ಕಣ್ಣಿನ ರೆಪ್ಪೆ ಎಣಿಸಬಹುದಿತ್ತು.”

“ಯಾರು ಹಚ್ತಿದ್ರು ಬಣ್ಣ?”

“ಡಾಕ್ಟ್ರೇ ಇರಬೇಕು. ಪ್ರದರ್ಶನಕ್ಕೆ ಬರೋದು ಅವರ ಹೆಸರಲ್ಲೇ ಅಲ್ವಾ?”

ಜೀಪಿನಲ್ಲಿ ಕೂತು ಇನ್ಸ್‌ಪೆಕ್ಟರ್ ತೋಳಮುಖದವನನ್ನು ದೊಡ್ಡದು ಮಾಡಿ ನೋಡಿದರು. ಹುಬ್ಬಿನ ಗೆರೆ ನೇರ ಹೊರಟು ಸಣ್ಣ ಸಣ್ಣ ಅಲೆಯಾಗಿ ಮುರಿದಿತ್ತು. ಮುಂದಿನ ಫೋಟೋದಲ್ಲಿ ಸಾಹಸಿಯ ಎದೆಯ ಲಾಂಛನದ ಅಂಚು ಹಾಗೆಯೇ. ಅದರ ಮುಂದಿನದೂ ಹಾಗೆಯೇ. ಕಲಿಯದ ಕೈಯ ಗೆರೆ ಹೀಗಿರುವುದಿಲ್ಲ. ಇದು ಚೆನ್ನಾಗಿ ಕಲಿತ ಕೈ. ಎಲ್ಲಿಗೆ ಹೋಗಬೇಕೆಂದು ಅದಕ್ಕೆ ಗೊತ್ತು, ಹೋಗಲು ಆಗುತ್ತಿಲ್ಲ.

ಆಗಲೇ ಪ್ರಯೋಗಾಲಯದವನ ಫೋನು ಬಂತು. ಟಬ್ಬಿನಲ್ಲಿದ್ದದ್ದೂ ಮೆಟ್ಟಿಲ ಮೇಲಿನ ತೊಟ್ಟೂ ಒಂದೇ, ಗಟ್ಟಿ ಕಾಸ್ಟಿಕ್ ಸೋಡಾ. ಹಳೇ ಬಣ್ಣ ತೆಗೆಯಲು ಅದರಲ್ಲಿ ಅದ್ದಿಡುತ್ತಾರೆ, ಪ್ಲಾಸ್ಟಿಕ್ಕಿಗೆ ಏನೂ ಆಗುವುದಿಲ್ಲ.

“ಕೈಗೆ?”

“ತಕ್ಷಣ ತೊಳೆದ್ರೆ ಪರವಾಗಿಲ್ಲ ಮೇಡಂ. ತೊಳೀದೆ ಹೋದ್ರೆ ಚರ್ಮ ಸೋಪಿನ ಹಾಗೆ ಕರಗಿ ಸುಲಿದುಬರುತ್ತೆ.”

ಇನ್ಸ್‌ಪೆಕ್ಟರ್ ಕೂಡಲೇ ಡಾಕ್ಟರ ಹೆಂಡತಿಗೆ ಫೋನ್ ಹಚ್ಚಿದರು.

“ಒಂದೇ ಪ್ರಶ್ನೆ ಅಮ್ಮ. ಗೊಂಬೆಗಳಿಗೆ ಬಣ್ಣ ಹಚ್ತಿದ್ದವರು ಯಾರು?”

“ಬಣ್ಣಾನಾ? ಮೇಷ್ಟ್ರೇ ಹಚ್ಚೋದು. ಇವರು ಅಂಟಿಸೋದು, ಅವರು ಹಚ್ಚೋದು. ಮದುವೆಗೆ ಮುಂಚಿನಿಂದಲೂ ಹಾಗೇ. ಮೊನ್ನೆ ಮೊನ್ನೆವರೆಗೂ ದಿನಾ ಸಂಜೆ ಬರ್ತಿದ್ರು. ಯಾಕೆ ಮೇಡಂ?”

“ನೀವೀಗ ಡಾಕ್ಟ್ರ ಹತ್ರಾನೇ ಇದ್ದೀರಾ?”

“ಇಲ್ಲ, ಸ್ನಾನಕ್ಕೆ ಅಂತ ಮನೆಗೆ ಬಂದಿದ್ದೀನಿ. ಅವರಿಗೆ ಸ್ವಲ್ಪ ಎಚ್ಚರ ಬರ್ತಿದೆಯಂತೆ, ಬೇರೆ ರೂಮಿಗೆ ಹಾಕಿದ್ದಾರೆ. ಮೇಷ್ಟ್ರು ಒಬ್ಬರೇ ಕೂತಿದ್ದಾರೆ.”

“ಉದ್ದಣ್ಣ, ಆಸ್ಪತ್ರೆ. ಬೇಗ!”

ಆಸ್ಪತ್ರೆಯಲ್ಲಿ ಡಾಕ್ಟರ ಬಾಗಿಲಿಗೆ ಕಾವಲು ಕೂರಿಸಿದ್ದ ಕಾನ್‌ಸ್ಟೇಬಲಿಗೆ ಉದ್ದಣ್ಣ ದಾರಿಯುದ್ದಕ್ಕೂ ಫೋನ್ ಮಾಡಿದ. ಅವನು ಎತ್ತಲಿಲ್ಲ. ಸಿಗ್ನಲ್ಲಿನಲ್ಲಿ ಒಂದು ಲಾರಿ ಅಡ್ಡ ನಿಂತಿತ್ತು. ಇನ್ಸ್‌ಪೆಕ್ಟರ್ ತಾವೇ ಇಳಿದು ಅದನ್ನು ಪಕ್ಕಕ್ಕೆ ತೆಗೆಸಿದರು. ಆ ಮನುಷ್ಯ ನಿನ್ನೆಯಿಂದ ಆಸ್ಪತ್ರೆಯಲ್ಲೇ ಇದ್ದ, ಈಗ ರೋಗಿಯ ತಲೆದೆಸೆಯಲ್ಲಿ ಒಬ್ಬನೇ ಕೂತಿದ್ದ. ಅವನ ಕೈಮೇಲೆ ಟೀ ಚೆಲ್ಲಿದೆ ಎಂದಾಗ ಕೈಯನ್ನು ಒಮ್ಮೆ ಬಿಚ್ಚಿ ತೋರಿಸಿ ಎಂದು ತಾವು ಕೇಳಿರಲಿಲ್ಲ. ಬಾಯಿಗೆ ಬಂದಿತ್ತು, ನುಂಗಿಕೊಂಡಿದ್ದರು.

ಲಿಫ್ಟಿಗೆ ಕಾಯದೆ ಮೆಟ್ಟಿಲು ಹತ್ತಿದರು. ಕೋಣೆಯ ಹೊರಗಿನ ಕುರ್ಚಿ ಖಾಲಿ. ಕಾನ್‌ಸ್ಟೇಬಲ್ ಮೇಷ್ಟ್ರನ್ನು ನಂಬಿ ಊಟಕ್ಕೆ ಹೋಗಿದ್ದ. ಬಾಗಿಲು ಮುಚ್ಚಿತ್ತು. ಒಳಗೆ ಯಾವುದೋ ಯಂತ್ರ ಬಿಡದೆ ಕಿರುಚುತ್ತಿತ್ತು.

ಇನ್ಸ್‌ಪೆಕ್ಟರ್ ಬಾಗಿಲು ದೂಡಿದರು.

ಮೇಷ್ಟ್ರು ಹಾಸಿಗೆಯ ಮೇಲೆ ಬಗ್ಗಿದ್ದರು. ಅವರ ಎಡಗೈ ಡಾಕ್ಟರ ಮುಖದ ಮೇಲಿತ್ತು.

“ಕೈ ತೆಗೀರಿ!”

ಮೇಷ್ಟ್ರು ತಿರುಗಿ ನೋಡಿದರು, ಕೈ ತೆಗೆಯಲಿಲ್ಲ. ಉದ್ದಣ್ಣ ಹಿಂದಿನಿಂದ ಹಾರಿ ಅವರ ಎರಡೂ ತೋಳು ಹಿಡಿದು ಎಳೆದ. ಆಕ್ಸಿಜನ್ ಮಾಸ್ಕು ಡಾಕ್ಟರ ಗಲ್ಲದ ಮೇಲಿನಿಂದ ಜಾರಿ ದಿಂಬಿಗೆ ಬಿತ್ತು.

“ಬಿಡಯ್ಯ, ಬಿಡು! ಅವನಿಗೆ ಉಸಿರು ಸಿಕ್ತಿಲ್ಲ, ಮೊದಲು ಅದನ್ನ ಹಾಕಿ!” ಎಂದು ಮೇಷ್ಟ್ರು ಚೀರಿದರು.

ಇನ್ಸ್‌ಪೆಕ್ಟರ್ ಮಾಸ್ಕು ಎತ್ತಿ ಮೂಗಿಗೆ ಒತ್ತಿ ಹಿಡಿದರು. ಓಡಿಬಂದ ನರ್ಸ್ ಪಟ್ಟಿ ಬಿಗಿದಳು. ಯಂತ್ರ ಸುಮ್ಮನಾಯಿತು. “ಎಚ್ಚರ ಬರೋವಾಗ ಹೀಗೇ ಕಿತ್ತು ಹಾಕ್ತಾರೆ ಮೇಡಂ. ಇವರು ಬೆಲ್ ಮೇಲೆ ಬೆಲ್ ಒತ್ತುತ್ತಿದ್ರು, ನಾನು ಪಕ್ಕದ ರೂಮಲ್ಲಿದ್ದೆ,” ಎಂದಳು.

ಉದ್ದಣ್ಣನ ಹಿಡಿತ ಸಡಿಲಾಯಿತು. ಎಳೆದಾಟದಲ್ಲಿ ಕರ್ಚೀಫು ಬಿಚ್ಚಿ ಬಿದ್ದಿತ್ತು. ಮೇಷ್ಟ್ರ ಬಲಗೈ ಮಣಿಕಟ್ಟಿನವರೆಗೆ, ಗ್ಲೌಸು ತೊಟ್ಟಂತೆ ಒಂದೇ ಸಮ, ಚರ್ಮ ಸುಲಿದು ಹಸಿಯಾಗಿತ್ತು. ನರ್ಸ್ ಅದನ್ನು ನೋಡಿ, “ಇದು ಟೀ ಅಲ್ಲ,” ಎಂದಳು.

“ಅಲ್ಲ,” ಎಂದರು ಮೇಷ್ಟ್ರು.

ನರ್ಸ್ ಗಾಯ ತೊಳೆದು ಮುಲಾಮು ಸವರುತ್ತಿರುವಾಗಲೇ, ಪಕ್ಕದ ಡ್ರೆಸ್ಸಿಂಗ್ ಕೋಣೆಯಲ್ಲಿ ವಿಚಾರಣೆ ನಡೆಯಿತು.

“ನಿನ್ನೆ ಸಂಜೆ ಹೋಗಿದ್ರಾ?”

“ಹೋಗಿದ್ದೆ. ಬಾಗಿಲು ತೆರೆದಿತ್ತು. ನನಗ್ಯಾವತ್ತೂ ಆ ಮನೇಲಿ ಬಾಗಿಲು ತಟ್ಟಿ ಗೊತ್ತಿಲ್ಲ.”

“ಏನು ನೋಡಿದ್ರಿ?”

“ಮೇಜಿನ ಮೇಲೆ ನನ್ನ ಆರು ಜನ ಸಾಲಾಗಿ ನಿಂತಿದ್ರು. ಒಬ್ಬ ಟಬ್ಬಲ್ಲಿ ಮುಳುಗಿದ್ದ. ಮುಖ ಕರಗ್ತಿತ್ತು.” ಮೇಷ್ಟ್ರು ಡಾಕ್ಟರ ಕೋಣೆಯ ಕಡೆ ಗಲ್ಲ ತೋರಿಸಿದರು. “ಒಂದು ಮಾತು ಹೇಳಿರಲಿಲ್ಲ ಅವನು. ನಾನು ಬರೋಕೆ ಮುಂಚೆ ಮುಗಿಸಿಬಿಡೋಣ ಅಂತಿದ್ದ ಅನ್ಸುತ್ತೆ. ಕೈ ಹಾಕಿ ಎತ್ತಿದೆ. ಅವನು ‘ಬೇಡ, ಸುಡುತ್ತೆ’ ಅಂತ ಭುಜ ಹಿಡಿದ. ತಳ್ಳಿದೆ.”

“ಬೇಕಂತಲೇ?”

“ಬೇಕಂತಲೇ. ವೈಸಿಗೆ ಬೀಳ್ತಾನೆ ಅಂತ ಅಂದ್ಕೊಂಡಿರಲಿಲ್ಲ. ತಳ್ಳಿದ್ದು ಮಾತ್ರ ಬೇಕಂತಲೇ.”

“ಎಲ್ಲ ಅವರ ಹೆಸರಲ್ಲೇ ಪ್ರದರ್ಶನಕ್ಕೆ ಹೋಗ್ತಿತ್ತು. ಅದರ ಸಿಟ್ಟಾ?”

“ಹೆಸರು ಯಾರಿಗೆ ಬೇಕಿತ್ತು ಮೇಡಂ? ಸ್ಕೂಲಲ್ಲಿ ಸಾವಿರಾರು ಮಕ್ಕಳಿಗೆ ಮಾವಿನಹಣ್ಣು ಬರೆಯೋದು ಕಲಿಸಿದ್ದೀನಿ. ನಾನು ಅಂತ ಮಾಡಿದ್ದು ಆ ಕೋಣೇಲಿ ಮಾತ್ರ.”

ಇನ್ಸ್‌ಪೆಕ್ಟರ್ ಕೇಳಲೇಬೇಕಾದ ಪ್ರಶ್ನೆ ಇನ್ನೂ ಒಂದಿತ್ತು. “ಅವರು ರಕ್ತದಲ್ಲಿ ಬಿದ್ದಿದ್ರು. ಯಾಕೆ ಫೋನ್ ಮಾಡ್ಲಿಲ್ಲ?”

“ಕೈ ನಡುಗ್ತಿತ್ತು. ನಂಬರ್ ಒತ್ತೋಕಾಗಲಿಲ್ಲ.”

ಇನ್ಸ್‌ಪೆಕ್ಟರ್ ಅದನ್ನು ಬರೆದುಕೊಳ್ಳಲು ಪೆನ್ನು ಎತ್ತಲಿಲ್ಲ. ಮೇಷ್ಟ್ರು ನೆಲ ನೋಡಿದರು.

“ಸುಳ್ಳು. ಒತ್ತೋಕೆ ಮನಸ್ಸಾಗಲಿಲ್ಲ. ಏಳನ್ನೂ ಚೀಲಕ್ಕೆ ಹಾಕ್ಕೊಂಡು ಮನೆಗೆ ಹೋಗಿ, ಮೇಜಿನ ಮೇಲೆ ಇಟ್ಟು ನೋಡ್ತಾ ಕೂತಿದ್ದೆ. ಅತ್ತಿಗೆ ಫೋನ್ ಬಂದಾಗ್ಲೇ ಅವನ ನೆನಪಾಗಿದ್ದು. ಇದನ್ನ ಬರ್ಕೊಳ್ಳಿ. ಬೇರೆ ಏನು ಬಿಟ್ರೂ ಇದನ್ನ ಬಿಡಬೇಡಿ.”

ಅಂದೇ ಮಧ್ಯಾಹ್ನ ಮೇಷ್ಟ್ರ ಮನೆಯಲ್ಲಿ ಜಪ್ತಿ ಪಂಚನಾಮೆ ನಡೆಯಿತು. ಒಂಟಿ ಮನುಷ್ಯನ ಎರಡು ಕೋಣೆಯ ಮನೆ. ಕಿಟಕಿಯ ಬಳಿ ಏಳೂ ಜನ ನಿಂತಿದ್ದರು. ಆರು ಜನರ ಬಣ್ಣ ನಡುಗಿದ ಗೆರೆಗಳ ಸಮೇತ ಹಾಗೇ ಇತ್ತು. ಟಬ್ಬಿನಿಂದ ಬಂದ ತೋಳಮುಖದವನು ಬೋಳು ಬೂದಿ ಪ್ಲಾಸ್ಟಿಕ್ ಆಗಿದ್ದ. ಆದರೆ ಎಡಗಣ್ಣಿಗೆ ಹೊಸ ಹಳದಿ ಬಿದ್ದಿತ್ತು. ಕಣ್ಣಿನಿಂದ ಕೆನ್ನೆಯವರೆಗೆ ಕಂದು ಕೂದಲು ಶುರುವಾಗಿ ಅಲ್ಲಿಗೆ ನಿಂತಿತ್ತು. ಪಕ್ಕದಲ್ಲಿ ತೊಳೆಯದ ಕುಂಚ, ಹಿಡಿಗೆ ಅಂಟಿದ ಚರ್ಮದ ಚೂರು.

“ಈ ಕೈಯಲ್ಲೇ ಹಚ್ಚಿದ್ರಾ?” ಉದ್ದಣ್ಣನಿಗೆ ಕೇಳದೆ ಇರಲಾಗಲಿಲ್ಲ.

“ಇನ್ನೊಂದು ಕೈಗೆ ಹಚ್ಚೋಕೆ ಬರಲ್ಲ,” ಎಂದರು ಮೇಷ್ಟ್ರು.

ಉದ್ದಣ್ಣ ಏಳನ್ನೂ ಬೇರೆ ಬೇರೆ ಬಟ್ಟೆಯಲ್ಲಿ ಸುತ್ತಿ, ಮಗುವನ್ನು ಮಲಗಿಸಿದಂತೆ ಒಂದೊಂದಾಗಿ ಪೆಟ್ಟಿಗೆಯಲ್ಲಿಟ್ಟ. ಪಂಚರು ಸಹಿ ಹಾಕಿದರು. ಬಂಧನದ ಕಾರಣವನ್ನು ಓದಿ ಹೇಳಿದಾಗ ಮೇಷ್ಟ್ರು ತಲೆಯಾಡಿಸಿದರು. ಸಹಿಯ ಜಾಗದಲ್ಲಿ ಅವರ ಹೆಸರು ಅಲೆ ಅಲೆಯಾಗಿ ಮೂಡಿತು. ಕೈಗೆ ಬೇಡಿ ಹಾಕುವ ಹಾಗಿರಲಿಲ್ಲ. ಉದ್ದಣ್ಣ ಮೊಣಕೈ ಹಿಡಿದು ಜೀಪು ಹತ್ತಿಸಿದ.

ಡಾಕ್ಟರಿಗೆ ಪೂರ್ತಿ ಪ್ರಜ್ಞೆ ಬಂದ ಮೇಲೆ ಇನ್ಸ್‌ಪೆಕ್ಟರ್ ಹೇಳಿಕೆ ಪಡೆಯಲು ಹೋದರು.

“ನಾನೇ ಕಾಲು ಜಾರಿ ಬಿದ್ದೆ. ಹಾಗಂತ ಬರೀರಿ,” ಎಂದರು ಡಾಕ್ಟರು.

“ಡಾಕ್ಟ್ರೇ, ಅವರೇ ಒಪ್ಕೊಂಡಿದ್ದಾರೆ.”

“ಅವನಿಗೆ ಬುದ್ಧಿ ಇಲ್ಲ.” ಡಾಕ್ಟರು ಕಣ್ಣು ಮುಚ್ಚಿದರು. “ಹೋದ ಪ್ರದರ್ಶನದಲ್ಲಿ ಅವನು ಟೀ ತರೋಕೆ ಹೋಗಿದ್ದ. ನಾಲ್ಕು ಜನ ತೋಳಮುಖದವನ ಮುಂದೆ ನಿಂತು, ‘ಕುಡಿದು ಬಣ್ಣ ಹಚ್ಚಿದ್ದಾರಾ ಇದಕ್ಕೆ’ ಅಂತ ಹೊಟ್ಟೆ ಹಿಡ್ಕೊಂಡು ನಕ್ಕರು. ಇನ್ನೊಂದ್ಸಲ ಅದು ಅವನ ಕಿವಿಗೆ ಬಿದ್ರೆ? ಈಚಿನ ಏಳನ್ನೂ ತೊಳೆದು, ಅವನು ಹಿಂದೆ ಹಚ್ತಿದ್ದ ಹಾಗೇ ನಾನೇ ಹಚ್ಚಿಬಿಡೋಣ ಅಂತ ಗುಟ್ಟಾಗಿ ಕಲೀತಿದ್ದೆ. ‘ನೀನೇ ಹಚ್ಚಿದ್ದು’ ಅಂತ ಅವನಿಗೆ ಹೇಳಿ ಶೆಲ್ಫಲ್ಲಿ ನಿಲ್ಲಿಸಿದ್ರೆ ಯಾರಿಗೆ ಗೊತ್ತಾಗ್ತಿತ್ತು?”

“ಅವರಿಗೆ ಗೊತ್ತಾಗ್ತಿತ್ತು,” ಎಂದರು ಇನ್ಸ್‌ಪೆಕ್ಟರ್.

ಡಾಕ್ಟರ ಕಣ್ಣಂಚಿನಿಂದ ನೀರು ಇಳಿದು ತಲೆಯ ಪಟ್ಟಿಗೆ ಇಂಗಿತು. ಕಾಲು ಜಾರಿದ ಮಾತನ್ನೂ ಆಮೇಲಿನ ಮಾತನ್ನೂ ಇನ್ಸ್‌ಪೆಕ್ಟರ್ ಇದ್ದ ಹಾಗೇ ಬರೆದುಕೊಂಡರು.

ಕೋರ್ಟಿನ ವರಾಂಡದಲ್ಲಿ ಮೇಷ್ಟ್ರನ್ನು ಬೆಂಚಿನ ಮೇಲೆ ಕೂರಿಸಿದ್ದರು. ಅವರ ಸರದಿ ಬರಲು ಇನ್ನೂ ಹೊತ್ತಿತ್ತು. ತನಿಖಾಧಿಕಾರಿ ಆರೋಪಿಗೆ ಇಂಥದ್ದನ್ನೆಲ್ಲ ಹೇಳಬೇಕೆಂದು ಯಾವ ಕಾನೂನಿನಲ್ಲೂ ಇಲ್ಲ. ಆದರೂ ಇನ್ಸ್‌ಪೆಕ್ಟರ್ ಪಕ್ಕದಲ್ಲಿ ಕೂತು, ಡಾಕ್ಟರು ಯಾಕೆ ಬಣ್ಣ ತೆಗೆಯುತ್ತಿದ್ದರು ಎಂಬುದನ್ನು ತಗ್ಗಿದ ದನಿಯಲ್ಲಿ ಹೇಳಿದರು.

ಮೇಷ್ಟ್ರು ಕೇಳಿಸಿಕೊಂಡರು. ಬ್ಯಾಂಡೇಜಿನ ಕೈಯನ್ನು ಇನ್ನೊಂದು ಕೈಯಿಂದ ಒತ್ತಿ ಹಿಡಿದರು, ಎರಡೂ ಒಟ್ಟಿಗೆ ನಡುಗಿದವು. ಆಮೇಲೆ ಕೇಳಿದರು.

“ಯಾವುದನ್ನ ನೋಡಿ ನಕ್ಕರಂತೆ?”

ಇನ್ಸ್‌ಪೆಕ್ಟರ್ ಎದುರಿನ ಗೋಡೆ ನೋಡಿದರು.

“ಅದನ್ನ ಅವರು ಹೇಳಲಿಲ್ಲ,” ಎಂದರು.

ಒಳಗಿನಿಂದ ಜವಾನ ಕೇಸಿನ ನಂಬರ್ ಕೂಗಿದ. ಉದ್ದಣ್ಣ ಮೇಷ್ಟ್ರ ಮೊಣಕೈಗೆ ಕೈಕೊಟ್ಟು ಎಬ್ಬಿಸಿದ.